ಹೂವಿನ ಮರವಾಗುವ ಹುಡುಗಿಯ ಕಥೆ: ಮಕ್ಕಳ ನಾಟಕದಲ್ಲಿ ಕೊಂಬೆ ಮುರಿಯುವ ಭಾಗ ಇಡಬೇಕಾ, ಬಿಡಬೇಕಾ?

ಆರನೇ ಕ್ಲಾಸ್ ಟೀಚರ್:

ಎಲ್ಲರಿಗೂ ನಮಸ್ಕಾರ. ರಾಣೆಬೆನ್ನೂರಿನ ಹತ್ತಿರ ಒಂದು ಶಾಲೆಯಲ್ಲಿ ಕನ್ನಡ ಟೀಚರ್ ನಾನು. ವಾರ್ಷಿಕೋತ್ಸವಕ್ಕೆ ಆರು, ಏಳನೇ ತರಗತಿ ಮಕ್ಕಳಿಂದ ಒಂದು ನಾಟಕ ಮಾಡಿಸಬೇಕು. ಇಪ್ಪತ್ತೆಂಟು ಮಕ್ಕಳಿದ್ದಾರೆ, ಅರ್ಧ ಗಂಟೆ ಟೈಮು ಕೊಟ್ಟಿದ್ದಾರೆ. ಆಡಳಿತ ಮಂಡಳಿಯವರಿಗೆ ಸಿಂಡ್ರೆಲ್ಲಾ ಬೇಕಿತ್ತು. ಗೌನು, ಕಿರೀಟ, ಪಳಪಳ ಚಪ್ಪಲಿ ಎಲ್ಲ ಬಾಡಿಗೆಗೆ ಸಿಗುತ್ತದಂತೆ. ನಾನು ಹಟ ಹಿಡಿದು ನಮ್ಮ ಕಡೆಯ ಕಥೆಯನ್ನೇ ಒಪ್ಪಿಸಿದೆ. ಎ.ಕೆ. ರಾಮಾನುಜನ್ ಅವರು ಕನ್ನಡದಲ್ಲಿ ಕೇಳಿ ಸಂಗ್ರಹಿಸಿದ, ಹೂವಿನ ಮರವಾಗುವ ಹುಡುಗಿಯ ಕಥೆ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಒಬ್ಬ ಬಡ ಮುದುಕಿ, ಇಬ್ಬರು ಹೆಣ್ಣುಮಕ್ಕಳು. ಚಿಕ್ಕವಳಿಗೆ ಒಂದು ವಿದ್ಯೆ ಗೊತ್ತು. ಉಗುರು ತಾಕದ ಹಾಗೆ ಎರಡು ಬಿಂದಿಗೆ ನೀರು ತರಬೇಕು. ಒಂದನ್ನು ಮೈಮೇಲೆ ಸುರಿದರೆ ಮರವಾಗುತ್ತಾಳೆ. ಕೊಂಬೆ ಮುರಿಯದೆ, ಎಲೆ ಹರಿಯದೆ ಹೂ ಬಿಡಿಸಿಕೊಂಡು ಇನ್ನೊಂದನ್ನು ಸುರಿದರೆ ಮತ್ತೆ ಹುಡುಗಿ. ಅಕ್ಕ ತಂಗಿ ಹೂ ಮಾರಿ ಅಮ್ಮನ ಕಷ್ಟಕ್ಕೆ ಆಗುತ್ತಾರೆ. ರಾಜಕುಮಾರ ಮರೆಯಲ್ಲಿ ನಿಂತು ನೋಡಿ ಅವಳನ್ನು ಮದುವೆ ಆಗುತ್ತಾನೆ. ಆಮೇಲೆ ನಾದಿನಿ ಗೆಳತಿಯರನ್ನು ಕಟ್ಟಿಕೊಂಡು ಅವಳನ್ನು ತೋಟಕ್ಕೆ ಕರೆದೊಯ್ದು, ಬಲವಂತದಿಂದ ಮರ ಮಾಡಿಸಿ, ಕೊಂಬೆಗಳನ್ನೆಲ್ಲ ಮುರಿದು ಹಾಕುತ್ತಾಳೆ. ಎರಡನೇ ಬಿಂದಿಗೆ ನೀರನ್ನು ಬೇಕಾಬಿಟ್ಟಿ ಚೆಲ್ಲಿ ಹೊರಟುಬಿಡುತ್ತಾರೆ. ಹುಡುಗಿ ಕೈಕಾಲಿಲ್ಲದ ಗಾಯದ ಮುದ್ದೆಯಾಗಿ ಚರಂಡಿಯಲ್ಲಿ ಬೀಳುತ್ತಾಳೆ. ಕೊನೆಗೆ ಗಂಡ ಅವಳನ್ನು ಗುರುತಿಸಿ, ಮತ್ತೆ ಮರ ಮಾಡಿ, ಮುರಿದದ್ದನ್ನೆಲ್ಲ ಜೋಡಿಸಿ ಉಳಿಸಿಕೊಳ್ಳುತ್ತಾನೆ.

ಕ್ಲಾಸಲ್ಲಿ ಓದಿ ಹೇಳಿದೆ. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಮಾರನೇ ದಿನ ಒಬ್ಬರು ತಾಯಿ ಬಂದು, "ಇದೇನು ಮೇಡಂ, ಕೈಕಾಲು ಮುರಿಯೋ ಕಥೆ?" ಅಂದರು. ಹೆಡ್‌ಮಾಸ್ಟರ್ ಕೂಡ, "ಮದುವೆಗೆ ಮುಗಿಸಿಬಿಡಿ, ಕೊನೆಗೆ ಗಿಡ ಉಳಿಸಿ ಅಂತ ಬೋರ್ಡ್ ಹಿಡಿಸಿ" ಅಂದರು. ನನಗೆ ಮನಸ್ಸು ಒಪ್ಪುತ್ತಿಲ್ಲ. ಆದರೆ ಎದುರು ಹೇಳೋಕೆ ಮಾತೂ ಸಿಗುತ್ತಿಲ್ಲ.

ಆ ಭಾಗ ಇಟ್ಟರೆ ಅಸಹ್ಯ ಆಗದ ಹಾಗೆ ತೋರಿಸೋದು ಹೇಗೆ? ಮರ ಆಗೋದನ್ನು ಹೇಗೆ ಮಾಡೋದು? ಜೊತೆಗೆ ನಾದಿನಿ ಪಾರ್ಟಿಗೆ ಒಬ್ಬ ಹುಡುಗಿಯೂ ಒಪ್ಪುತ್ತಿಲ್ಲ.

ಸೌಂಡ್ ಅಂಡ್ ಲೈಟ್:

ಮೇಡಂ, ಸಿಂಪಲ್. ಹಿಂದೆ ಎಲ್‌ಇಡಿ ವಾಲ್ ಹಾಕಿಸಿ. ಮರ ಬೆಳೆಯೋ ವಿಡಿಯೋ ನೆಟ್ಟಲ್ಲಿ ಬೇಕಾದಷ್ಟು ಸಿಗುತ್ತದೆ. ಸ್ವಲ್ಪ ಸ್ಮೋಕ್ ಬಿಟ್ಟರೆ ಹುಡುಗಿ ಸೈಡಿಗೆ ಹೋಗಿದ್ದೂ ಕಾಣಲ್ಲ. ಡೈಲಾಗ್ ಮೊದಲೇ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಸಿಬಿಡಿ, ಸ್ಟೇಜಲ್ಲಿ ಮರೆತು ನಿಲ್ಲೋ ಟೆನ್ಷನ್ ಇರಲ್ಲ. ನಮ್ಮ ಕಡೆ ಈಗ ಎಲ್ಲ ಶಾಲೆಯವರೂ ಹೀಗೇ ಮಾಡೋದು.

ಸಾಗರದ ಮೇಷ್ಟ್ರು:

ಟೀಚರ್, ಮೇಲಿನವರು ಒಳ್ಳೆ ಮನಸ್ಸಿಂದಲೇ ಹೇಳಿದ್ದಾರೆ. ಆದರೆ ದಯವಿಟ್ಟು ಆ ರೆಕಾರ್ಡಿಂಗ್ ಕೆಲಸ ಮಾತ್ರ ಬೇಡ. ಸ್ಪೀಕರಲ್ಲಿ ಯಾರದೋ ದನಿ, ಮಕ್ಕಳು ಬಾಯಿ ಆಡಿಸಿಕೊಂಡು ಕೈ ಬೀಸೋದು. ಅದನ್ನು ನಾಟಕ ಅನ್ನೋಕೆ ನನಗೆ ಬಾಯಿ ಬರಲ್ಲ. ಮಗು ಮಾತು ಮರೆತರೆ ಮರೆಯಲಿ ಬಿಡಿ. ಪಕ್ಕದ ಮಗು ಎತ್ತಿಕೊಡುತ್ತದೆ, ನೋಡುವವರು ಚಪ್ಪಾಳೆ ತಟ್ಟುತ್ತಾರೆ.

ನಾನು ಡ್ರಾಯಿಂಗ್ ಮೇಷ್ಟ್ರಾಗಿದ್ದವನು, ಈಗ ರಿಟೈರಾಗಿದ್ದೇನೆ. ಬೇಸಿಗೆ ಶಿಬಿರಗಳಲ್ಲಿ ಮಕ್ಕಳ ನಾಟಕ ಮಾಡಿಸುತ್ತ ಬಂದಿದ್ದೇನೆ. ನಿಮ್ಮ ಈ ಕಥೆಯನ್ನೂ ಮಾಡಿಸಿದ್ದೇನೆ.

ಮೊದಲು ಹೆದರಿಕೆ ವಿಷಯ. ಗೋವಿನ ಹಾಡಿನಲ್ಲಿ ಹುಲಿ ಪ್ರಾಣ ಬಿಡುತ್ತದೆ. ಒಂದನೇ ಕ್ಲಾಸಿನ ಮಕ್ಕಳೂ ಅದನ್ನು ಹಾಡುತ್ತಾರೆ, ಯಾರೂ ಜಗಳಕ್ಕೆ ಬಂದಿಲ್ಲ. ಬಿ.ವಿ. ಕಾರಂತರ 'ಪಂಜರ ಶಾಲೆ' ಟಾಗೋರರು ಬರೆದ ಗಿಳಿಯ ಕಥೆ. ಗಿಳಿಗೆ ವಿದ್ಯೆ ಕಲಿಸುತ್ತೇವೆ ಅಂತ ಹೊರಟ ದೊಡ್ಡ ದೊಡ್ಡ ಪಂಡಿತರು ಅದರ ಗಂಟಲಿಗೆ ಪುಸ್ತಕದ ಹಾಳೆ ತುರುಕುತ್ತಾರೆ. ಟಾಗೋರರ ಕಥೆಯಲ್ಲಿ ಗಿಳಿ ಸತ್ತೇ ಹೋಗುತ್ತದೆ. ಅಂಥ ಕಥೆಯನ್ನು ಹಾಡು ಕುಣಿತ ಹಾಕಿ ಮಕ್ಕಳ ನಾಟಕ ಮಾಡಿದರು. ಅದನ್ನು ಕಂಡು ಮುಜುಗರ ಪಟ್ಟವರಿದ್ದರೆ ಅದು ನಮ್ಮಂಥ ಮೇಷ್ಟ್ರುಗಳು.

ಈಗ ನಿಮ್ಮ ಹೆಡ್‌ಮಾಸ್ಟರ್ ಹೇಳಿದ ಹಾಗೆ ಮದುವೆಗೆ ಮುಗಿಸಿದರೆ ಏನು ಉಳಿಯುತ್ತದೆ ನೋಡಿ. ಬಡ ಹುಡುಗಿ, ರಾಜಕುಮಾರ, ಮದುವೆ, ಊಟ. ಅದು ಸಿಂಡ್ರೆಲ್ಲಾನೇ ಅಲ್ವಾ? ಗೌನೊಂದಿಲ್ಲ ಅಷ್ಟೇ. ಅದಕ್ಕೆ ನೀವು ಇಷ್ಟು ಹಟ ಹಿಡಿಯೋದೇ ಬೇಡವಾಗಿತ್ತು.

ಈ ಕಥೆಯ ಜೀವ ಇರೋದು ಜೋಡಿಸುವ ಜಾಗದಲ್ಲಿ. ಮುರಿಯದೆ ಜೋಡಿಸೋಕೆ ಆಗಲ್ಲ. ಹಾಗಾಗಿ ನಾನು ಇಟ್ಟುಕೊಂಡ ಲೆಕ್ಕ ಇಷ್ಟು: ಮುರಿಯೋದಕ್ಕೆ ಎಷ್ಟು ಹೊತ್ತು ಕೊಡುತ್ತೀರೋ ಜೋಡಿಸೋದಕ್ಕೆ ಅದರ ಎರಡರಷ್ಟು ಕೊಡಿ. ದೊಡ್ಡವರ ನಾಟಕಗಳಲ್ಲಿ ಇದು ಉಲ್ಟಾ ಆಗುತ್ತದೆ. ಹಿಂಸೆಯ ಸೀನು ಕಾಲು ಗಂಟೆ ಎಳೆದು, ಒಳ್ಳೆಯದಾಗೋದನ್ನು ಲೈಟ್ ಆರಿಸಿ ಮುಗಿಸಿಬಿಡುತ್ತಾರೆ.

ಮರ ಮಾಡೋಕೆ ಎಲ್‌ಇಡಿ ಯಾಕೆ? ಇಪ್ಪತ್ತೆಂಟು ಮಕ್ಕಳಿದ್ದಾರಲ್ಲ. ಹನ್ನೆರಡು ಮಕ್ಕಳೇ ಮರ. ಹುಡುಗಿ ಮಧ್ಯೆ ಕುಕ್ಕರಗಾಲಲ್ಲಿ ಕೂರಲಿ. ಸುತ್ತ ಉಳಿದವರು ಅವಳನ್ನು ಮುಟ್ಟಿಕೊಂಡು ಕೂರಲಿ. ಹಿಂದೆ ಒಂದು ಬೆಂಚು, ಅದರ ಮೇಲೆ ಎತ್ತರದ ಮಕ್ಕಳು. ಅಕ್ಕ ಬಿಂದಿಗೆ ಬಗ್ಗಿಸುತ್ತಾಳೆ, ನೀರಿನ ಸದ್ದು ಕೇಳುತ್ತದೆ. ಮಧ್ಯದವಳು ನಿಧಾನಕ್ಕೆ ಏಳುತ್ತಾಳೆ, ಅವಳ ಬೆನ್ನು ಭುಜ ಹಿಡಿದುಕೊಂಡೇ ಉಳಿದವರೂ ಏಳುತ್ತಾರೆ, ಕೈಗಳು ಹೊರಗೆ ಚಾಚುತ್ತವೆ. ಪ್ರತಿ ಮಗುವಿನ ಮುಷ್ಟಿಯಲ್ಲಿ ಮಡಚಿಟ್ಟ ಕ್ರೇಪ್ ಪೇಪರ್ ಹೂವು ಇರುತ್ತದೆ. ತಾಳ ಬಿದ್ದ ಮೇಲೆ ಮುಷ್ಟಿ ಬಿಚ್ಚಬೇಕು, ಅದೂ ಕೆಳಗಿಂದ ಮೇಲಕ್ಕೆ ಒಂದೊಂದಾಗಿ. ಎಲ್ಲರೂ ಒಟ್ಟಿಗೆ ಬಿಚ್ಚಿದರೆ ಡ್ರಿಲ್ ಆಗಿಬಿಡುತ್ತದೆ.

ಬಿಂದಿಗೆಯಲ್ಲಿ ನಿಜವಾದ ನೀರು ಬೇಡ, ಸ್ಟೇಜ್ ಮೇಲೆ ಮಕ್ಕಳು ಜಾರಿ ಬೀಳುತ್ತಾರೆ. ಬಿಂದಿಗೆಯೊಳಗೆ ನೀಲಿ ರಿಬ್ಬನ್ ತುರುಕಿಡಿ. ಸದ್ದು ಮಾತ್ರ ನಿಜದ್ದೇ ಇರಲಿ. ಒಬ್ಬ ಹುಡುಗ ಪಕ್ಕದಲ್ಲಿ ಮೈಕ್ ಮುಂದೆ ಕೂತು ಬಕೆಟ್ಟಿಗೆ ನೀರು ಹೊಯ್ಯಲಿ. ಉಗುರು ತಾಕಬಾರದು ಅನ್ನೋದನ್ನು ಮಾತಲ್ಲಿ ಹೇಳಿ ಮುಗಿಸಬೇಡಿ. ಅಕ್ಕ ಬೆರಳುಗಳನ್ನು ಮಡಚಿ, ಅಂಗೈಯಲ್ಲೇ ಬಿಂದಿಗೆ ಎತ್ತಿ ತರೋದನ್ನು ಮಕ್ಕಳು ಅಭ್ಯಾಸ ಮಾಡಲಿ. ಆಮೇಲೆ ನಾದಿನಿ ಅದೇ ಬಿಂದಿಗೆಯನ್ನು ಕಂಠದೊಳಕ್ಕೆ ಬೆರಳು ಹಾಕಿ ಎಳೆದು ತಂದಳು ಅಂದರೆ ಸಾಕು. ಮುಂದೆ ಏನೋ ಕೆಟ್ಟದ್ದಿದೆ ಅಂತ ಸಭೆಯಲ್ಲಿ ಕೂತ ಪುಟ್ಟ ಮಕ್ಕಳಿಗೂ ಗೊತ್ತಾಗುತ್ತದೆ.

ಈಗ ಮುರಿಯುವ ಸೀನು. ಕಿರುಚಾಟ ಬೇಡ, ಕೆಂಪು ಬಣ್ಣ ಬೇಡ. ಅಲ್ಲಿವರೆಗೂ ಡೋಲು, ತಾಳ ಎಲ್ಲ ಇರಲಿ. ಇಲ್ಲಿ ಎಲ್ಲ ನಿಲ್ಲಿಸಿ. ನಿಮ್ಮ ಕಡೆ ಒಣಗಿದ ತೊಗರಿ ಕಡ್ಡಿಗೆ ಬರ ಇಲ್ಲ. ಒಂದು ಕಟ್ಟು ತರಿಸಿ, ಮೇಳದ ಮಕ್ಕಳು, ಅಂದರೆ ಪಕ್ಕದಲ್ಲಿ ಕೂತು ಹಾಡುತ್ತ ಕಥೆ ಹೇಳುವವರು, ಮೈಕಿನ ಹತ್ತಿರ ಒಂದೊಂದೇ ಮುರಿಯಲಿ. ಲಟಕ್ ಅಂತ ಒಂದು ಸದ್ದು, ಮರದಿಂದ ಒಂದು ಮಗುವನ್ನು ಎಳೆದು ದೂರ ಕೂರಿಸೋದು. ಆ ಮಗು ಸಭೆಗೆ ಬೆನ್ನು ಹಾಕಿ ಕೂತುಬಿಡುತ್ತದೆ. ಹೀಗೆ ಹನ್ನೊಂದೂ ಹೋದ ಮೇಲೆ ಮಧ್ಯದವಳು ಒಬ್ಬಳೇ ಉಳಿಯುತ್ತಾಳೆ. ಅವಳ ಮೇಲೆ ಒಂದು ಕಂಬಳಿ, ಕೈ ಒಳಗೆ. ಅಷ್ಟೇ. ಗಾಯ ತೋರಿಸಬೇಕಾಗಿಲ್ಲ, ಮೇಳದವರು ಹೇಳಿದರೆ ಸಾಕು.

ಆಮೇಲೆ ಒಂದು ಚಿಕ್ಕ ಭಾಗ ಬರುತ್ತದೆ. ಎಲ್ಲರೂ ಅದನ್ನು ಹಾರಿಸುತ್ತಾರೆ, ನೀವು ಹಾರಿಸಬೇಡಿ. ಹತ್ತಿ ಗಾಡಿಯವರು ಆ ದಾರಿಯಲ್ಲಿ ಬರುತ್ತಾರೆ. ಒಬ್ಬ ನರಳಾಟ ಕೇಳಿ ಗಾಡಿ ನಿಲ್ಲಿಸಿ, ತಲೆಗೆ ಸುತ್ತಿದ ಬಟ್ಟೆಯನ್ನೇ ಬಿಚ್ಚಿ ಅವಳ ಮೇಲೆ ಹೊದಿಸಿ, ಗಾಡಿಯಲ್ಲಿ ಹಾಕಿಕೊಂಡು ಹೋಗುತ್ತಾನೆ. ನಿಮ್ಮೂರು ಹತ್ತಿ ಮಾರ್ಕೆಟ್ಟಿಗೆ ಹೆಸರಾದ ಊರು. ನಿಮ್ಮ ಮಕ್ಕಳಿಗೆ ಗಾಡಿಯವರ ಮಾತು, ಬೈಗುಳ, ಎತ್ತು ಹೊಡೆಯುವ ದನಿ ಯಾರೂ ಕಲಿಸಬೇಕಾಗಿಲ್ಲ. ಅಷ್ಟು ಬಿಗಿ ಸೀನಾದ ಮೇಲೆ ಸಭೆ ಸ್ವಲ್ಪ ನಕ್ಕು ಉಸಿರು ಬಿಡೋಕೂ ಇಲ್ಲೇ ಜಾಗ.

ಜೋಡಿಸೋದು ಹೀಗೆ. ರಾಜಕುಮಾರ ದೂರ ಕೂತ ಒಂದೊಂದು ಮಗುವಿನ ಹತ್ತಿರ ಹೋಗಿ, ಕೈ ಹಿಡಿದು ಎಬ್ಬಿಸಿ, ಮರಕ್ಕೆ ತಂದು ನಿಲ್ಲಿಸಬೇಕು. ನಮ್ಮ ಶಿಬಿರದಲ್ಲಿ ಆ ಪಾರ್ಟು ಮಾಡಿದ ಹುಡುಗ ಎತ್ತರದವನನ್ನು ತಂದು ಕೆಳಗೆ ಕೂರಿಸಿಬಿಟ್ಟ. ಮುಂದಿನ ಸಾಲಲ್ಲಿ ಚಾಪೆ ಮೇಲೆ ಕೂತಿದ್ದ ಮಕ್ಕಳು, "ಅಲ್ಲಲ್ಲ! ಅವನು ಮೇಲೆ! ಬೆಂಚ್ ಮೇಲೆ!" ಅಂತ ಎದ್ದು ನಿಂತು ಕೂಗಿದರು. ಇವನು ತಬ್ಬಿಬ್ಬಾಗಿ ಅವನನ್ನು ಬೆಂಚಿಗೆ ಹತ್ತಿಸಿದ. ಆಮೇಲೆ ಒಂದೊಂದು ಕೊಂಬೆಗೂ ಸಭೆಯನ್ನೇ ಕೇಳತೊಡಗಿದ, "ಇದೆಲ್ಲಿ? ಈ ಕಡೆನಾ?" ಅಂತ. ಮಾರನೇ ದಿನದ ಶೋಗೆ ನಾನು ಅದನ್ನೇ ಸ್ಕ್ರಿಪ್ಟಿಗೆ ಸೇರಿಸಿದೆ. ಮರ ಹೇಗಿತ್ತು ಅಂತ ನೋಡುವ ಮಕ್ಕಳಿಗೆ ನೆನಪಿರುತ್ತದೆ, ಮುಂಚೆ ಎರಡು ಸಲ ನೋಡಿರುತ್ತಾರಲ್ಲ.

ನಾದಿನಿ ಪಾರ್ಟು: ಒಬ್ಬಳಿಗೇ ಕೊಡಬೇಡಿ. ಶಾಲೆಯಲ್ಲಿ ಆಮೇಲೆ ವರ್ಷವಿಡೀ ಅವಳನ್ನು ಹಾಗೇ ಕರೆಯುತ್ತಾರೆ. ಮೂಲ ಕಥೆಯಲ್ಲೂ ಅವಳ ಜೊತೆ ಗೆಳತಿಯರ ದಂಡೇ ಇದೆ. "ಮಾಡ್ತೀಯಾ ಇಲ್ವಾ? ನಮಗೆ ಮಾತ್ರ ತೋರಿಸಲ್ವಾ?" ಅಂತ ಗುಂಪು ಸೇರಿ ಒಬ್ಬಳನ್ನು ಪೀಡಿಸೋದು. ಏಳನೇ ಕ್ಲಾಸಿನ ಮಕ್ಕಳಿಗೆ ಇದಕ್ಕಿಂತ ಗೊತ್ತಿರುವ ಸೀನು ಇನ್ನೊಂದಿಲ್ಲ. ಆರು ಜನ ಗೆಳತಿಯರನ್ನು ಮಾಡಿ, ನಾದಿನಿಯ ದುಪಟ್ಟಾ ಒಬ್ಬರಿಂದ ಒಬ್ಬರಿಗೆ ಹೋಗಲಿ. ದುಪಟ್ಟಾ ಯಾರ ಹೆಗಲ ಮೇಲಿದೆಯೋ ಅವರೇ ಆ ಹೊತ್ತಿಗೆ ನಾದಿನಿ. ಇದನ್ನು ಹೇಳಿದ ಕೂಡಲೇ ನಮ್ಮಲ್ಲಿ ಕೈ ಎತ್ತಿದವರು ಜಾಸ್ತಿಯಾಗಿ ಚೀಟಿ ಎತ್ತಬೇಕಾಯಿತು.

ಬೋರ್ಡ್ ಮಾತ್ರ ಬೇಡ ಟೀಚರ್. ಗಿರೀಶ್ ಕಾರ್ನಾಡರು ಇದೇ ಕಥೆಯನ್ನು 1992ರಲ್ಲಿ 'ಚೆಲುವಿ' ಅಂತ ಹಿಂದಿ ಸಿನಿಮಾ ಮಾಡಿದರು. ಅದರಲ್ಲಿ ಕಥೆ ಕಾಡಿನ ನಾಶದ ಕಡೆ ವಾಲುತ್ತದೆ. ಆದರೆ ಅಲ್ಲೂ ಯಾರೂ ಬಂದು ಭಾಷಣ ಮಾಡೋದಿಲ್ಲ.

ಗೊಂಬೆ ಪೆಟ್ಟಿಗೆ:

ಮೇಷ್ಟ್ರೇ, ದುಪಟ್ಟಾ ಐಡಿಯಾ ನಾನು ಕದಿಯುತ್ತೇನೆ, ಮೊದಲೇ ಹೇಳಿಬಿಟ್ಟೆ.

ನಾನು ಉಡುಪಿ ಕಡೆಯವಳು, ಶಾಲೆಗಳಲ್ಲಿ ಗೊಂಬೆಯಾಟ ಮಾಡಿಸುತ್ತೇನೆ. ಮೂರನೇ ನಾಲ್ಕನೇ ಕ್ಲಾಸಿನ ಮಕ್ಕಳಾಗಿದ್ದರೆ ಈ ಕಥೆಗೆ ಗೊಂಬೆಯೇ ಸಲೀಸು. ಗೊಂಬೆಯ ಕೈ ಬಿಚ್ಚಿ ಇಟ್ಟರೆ ಮಕ್ಕಳು ಹೆದರೋದಿಲ್ಲ, ಮತ್ತೆ ಸಿಕ್ಕಿಸಬಹುದು ಅಂತ ಅವರಿಗೆ ಗೊತ್ತು. ದಿನಾ ಮನೆಯಲ್ಲಿ ಅದನ್ನೇ ಮಾಡುತ್ತಿರುತ್ತಾರೆ. ನಾನು ಮರವನ್ನು ಹಳೇ ಹಸಿರು ಸೀರೆಯಲ್ಲಿ ಮಾಡುತ್ತೇನೆ. ಕೋಲುಗೊಂಬೆಯ ಸೊಂಟಕ್ಕೆ ಸೀರೆಯ ಒಂದು ತುದಿ ಹೊಲಿದಿರುತ್ತದೆ. ಗೊಂಬೆಯನ್ನು ತಲೆಕೆಳಗೆ ಮಾಡಿ ಎತ್ತಿದರೆ ಸೀರೆ ಬಿಚ್ಚಿಕೊಂಡು ಅವಳನ್ನು ಮುಚ್ಚುತ್ತದೆ, ಒಳಗಡೆ ಅಂಟಿಸಿದ ಹೂವೆಲ್ಲ ಹೊರಗೆ ಬರುತ್ತವೆ. ತಿರುಗಿಸಿದರೆ ಮತ್ತೆ ಹುಡುಗಿ.

ಆರನೇ ಏಳನೇ ಕ್ಲಾಸಿಗೆ ಮೇಷ್ಟ್ರು ಹೇಳಿದ್ದೇ ಸರಿ. ಆ ವಯಸ್ಸಿನವರನ್ನು ಪರದೆ ಹಿಂದೆ ಕೂರಿಸಿದರೆ ಅಪ್ಪ ಅಮ್ಮಂದಿರು, "ನಮ್ಮ ಮಗು ಕಾಣಲೇ ಇಲ್ಲ" ಅಂತ ಮುಖ ಊದಿಸಿಕೊಂಡು ಹೋಗುತ್ತಾರೆ.

ಆರನೇ ಕ್ಲಾಸ್ ಟೀಚರ್:

ಮೇಷ್ಟ್ರೇ, ಎರಡು ಸಲ ಓದಿದೆ. ತುಂಬಾ ಥ್ಯಾಂಕ್ಸ್. ಸ್ಟಾಫ್ ರೂಮಲ್ಲೂ ಓದಿ ಹೇಳಿದೆ. ಪಿ.ಟಿ. ಸರ್ ಈಗಲೇ ತೊಗರಿ ಕಡ್ಡಿ ತರುತ್ತೇನೆ ಅಂತಿದ್ದಾರೆ.

ಇನ್ನೊಂದು ತೊಡಕಿದೆ. ಮದುವೆಯಾದ ಮೇಲೆ ಒಂದು ರಾತ್ರಿ ಗಂಡ, ನೀನು ಮರ ಆಗಿ ತೋರಿಸು ಅನ್ನುತ್ತಾನೆ. ಅವಳಿಗೆ ಇಷ್ಟ ಇಲ್ಲ. ಅವನು ಬಿಡೋದಿಲ್ಲ. ಅದನ್ನು ಮಕ್ಕಳ ಕೈಲಿ ಹೇಗೆ ಮಾಡಿಸೋದು? ಇನ್ನೊಂದು, ಮಾತೆಲ್ಲ ಮಕ್ಕಳೇ ಆಡಿದರೆ ಮರದೊಳಗೆ ಇರುವ ಹುಡುಗಿ ಹಾಡೋದು ಹೇಗೆ? ಉಸಿರು ಸಾಲಲ್ಲ.

ಸಾಗರದ ಮೇಷ್ಟ್ರು:

ಎರಡನೇದು ಸುಲಭ, ಮೊದಲು ಅದನ್ನೇ ಹೇಳುತ್ತೇನೆ. ಮಾತು ಒಬ್ಬರದು, ಮೈ ಇನ್ನೊಬ್ಬರದು ಮಾಡಿ. ಯಕ್ಷಗಾನದಲ್ಲಿ ಭಾಗವತರು ಹಾಡುತ್ತಾರೆ, ವೇಷ ಕುಣಿಯುತ್ತದೆ. ಯಾರಿಗೂ ಅದು ವಿಚಿತ್ರ ಅನ್ನಿಸೋದಿಲ್ಲ. ಅಮೆರಿಕದ ಜಾನ್ ಆಡಮ್ಸ್ ಅನ್ನುವ ಸಂಗೀತಗಾರರು ಇದೇ ಕಥೆಯನ್ನು ಆಪೆರಾ ಮಾಡಿದ್ದಾರೆ, ಗೊತ್ತಾ? 2006ರಲ್ಲಿ ವಿಯೆನ್ನಾದಲ್ಲಿ ಮೊದಲ ಪ್ರದರ್ಶನ, ಮೊಜಾರ್ಟ್ ಹುಟ್ಟಿ 250 ವರ್ಷ ಆಗಿದ್ದಕ್ಕೆ. ಹಾಡುವ ಪಾತ್ರಧಾರಿಗಳು ಮೂರೇ ಜನ: ಹುಡುಗಿ, ರಾಜಕುಮಾರ, ಕಥೆ ಹೇಳುವವನು. ಅವರ ಜೊತೆ ಜಾವಾದ ಮೂವರು ನೃತ್ಯಗಾರರು. ಮೇಳ ವೆನೆಜುವೆಲಾದ್ದು, ಅವರು ಹಾಡಿದ್ದು ಸ್ಪ್ಯಾನಿಷ್‌ನಲ್ಲಿ. ನಮ್ಮ ಕಡೆ ಅಜ್ಜಿಯರು ಮಕ್ಕಳಿಗೆ ಹೇಳುತ್ತಿದ್ದ ಕಥೆ ಎಲ್ಲೆಲ್ಲಿ ಹೋಗಿ ಬಂತು ನೋಡಿ. ಅವರಷ್ಟು ದುಡ್ಡು ನಿಮ್ಮ ಹತ್ತಿರ ಇಲ್ಲ, ಆದರೆ ಆ ಉಪಾಯಕ್ಕೆ ದುಡ್ಡೇನೂ ಬೇಕಾಗಿಲ್ಲ. ಎಂಟು ಮಕ್ಕಳ ಮೇಳ ಒಂದು ಪಕ್ಕದಲ್ಲಿ ಕೂರಲಿ. ಹುಡುಗಿ ಮರವಾಗಿದ್ದಾಗ ಅವಳ ಮಾತೆಲ್ಲ ಮೇಳದ್ದು.

ಗಂಡನ ವಿಷಯ. ಮಲಗುವ ಕೋಣೆ, ಹೂವಿನ ಹಾಸಿಗೆ ಇವೆಲ್ಲ ಮಕ್ಕಳಿಗೆ ಬೇಡ, ಧಾರಾಳವಾಗಿ ತೆಗೆಯಿರಿ. ಆದರೆ ಅವನು ಒತ್ತಾಯ ಮಾಡಿದ್ದನ್ನು ತೆಗೆಯಬೇಡಿ. ಹಗಲು ಹೊತ್ತು, ಅರಮನೆಯ ಅಂಗಳದಲ್ಲಿ ಇಡಿ. ಅವನು ಕೆಟ್ಟವನೂ ಅಲ್ಲ, ಸುಮ್ನೆ ಆಸೆಬುರುಕ. ಈ ಕಥೆಯಲ್ಲಿ ಮೊದಲು ಅವಳು ಅಮ್ಮನಿಗೋಸ್ಕರ ತಾನಾಗೇ ಮರವಾಗುತ್ತಾಳೆ. ಆಮೇಲೆ ಗಂಡ ಕೇಳಿದ ಅಂತ. ಆಮೇಲೆ ನಾದಿನಿ ಬಿಡಲಿಲ್ಲ ಅಂತ. ಕೊನೆಗೆ ತಾನೇ ಬಾಯಿ ಬಿಟ್ಟು, ಹೀಗೆ ಹೀಗೆ ಮಾಡು ಅಂತ ಗಂಡನಿಗೆ ಹೇಳಿಕೊಡುತ್ತಾಳೆ. ಪ್ರತಿ ಸಲ ನೀರು ಸುರಿಯುವ ಮುಂಚೆ ಮೇಳದವರು "ಆಗಲಾ?" ಅಂತ ಒಂದೇ ಮಾತು ಕೇಳಲಿ. ಮೊದಲ ಸಲ ಹುಡುಗಿ ಜೋರಾಗಿ "ಹೂಂ" ಅನ್ನಲಿ. ಗಂಡ ಕೇಳಿದಾಗ ತಡೆದು ಹೇಳಲಿ. ತೋಟದಲ್ಲಿ ಅವಳ ಬದಲು ಗೆಳತಿಯರು "ಹೂಂ" ಅಂದುಬಿಡಲಿ. ಇದಕ್ಕಿಂತ ಜಾಸ್ತಿ ವಿವರಿಸೋಕೆ ಹೋಗಬೇಡಿ.

ಹಾಂ, ಇನ್ನೊಂದು. ಕಥೆ ಜನಪದದ್ದು, ಅದಕ್ಕೆ ಯಾರೂ ಒಡೆಯರಿಲ್ಲ. ಆದರೆ ಯಾರೋ ಬರೆದು ಅಚ್ಚು ಹಾಕಿಸಿದ ನಾಟಕ ಎತ್ತಿಕೊಂಡರೆ ಅವರ ಒಪ್ಪಿಗೆ ತಗೊಳ್ಳಿ. ಮಕ್ಕಳ ಜೊತೆ ಕೂತು ನೀವೇ ಕಟ್ಟಿದರೆ ಇನ್ನೂ ಒಳ್ಳೆಯದು.

ಬೇ ಏರಿಯಾ ಅಮ್ಮ:

ಇಲ್ಲಿ ಅಮೆರಿಕದಲ್ಲಿ ಕನ್ನಡ ಕಲಿ ಕ್ಲಾಸಿನ ಮಕ್ಕಳಿಗೆ ಕಥೆ ಹೇಳುತ್ತೇನೆ. ನಮ್ಮಲ್ಲಿ ಸ್ಟೇಜೂ ಇಲ್ಲ, ಇಪ್ಪತ್ತೆಂಟು ಮಕ್ಕಳೂ ಇಲ್ಲ. ಐದು ಮಕ್ಕಳು, ಒಂದು ಮೊಬೈಲು. ಹಾಗಾಗಿ ಬರೀ ಕೇಳುವ ಕಥೆಯಾಗಿ ರೆಕಾರ್ಡ್ ಮಾಡುತ್ತೇವೆ. ಅದಕ್ಕೆ ನಾನು ಆರಿಸಿಕೊಂಡದ್ದು ರಾಮಾನುಜನ್ ಅವರ ಸಂಗ್ರಹದ್ದೇ ಇನ್ನೊಂದು ಕಥೆ, ಒಂದು ಕಥೆ ಒಂದು ಹಾಡು ಗೊತ್ತಿದ್ದೂ ಯಾರಿಗೂ ಹೇಳದ ಹೆಂಗಸಿನದು. ಅವಳು ಮಲಗಿದ್ದಾಗ ಕಥೆ ಬಾಯಿಂದ ಹೊರಬಿದ್ದು ಒಂದು ಜೊತೆ ಬೂಟಾಗುತ್ತದೆ, ಹಾಡು ಗಂಡಸಿನ ಕೋಟಾಗುತ್ತದೆ. ಗಂಡ ಬಂದು ನೋಡಿ, ಯಾರು ಬಂದಿದ್ದಾರೆ ಅಂತ ಜಗಳ ತೆಗೆದು, ಕಂಬಳಿ ಎತ್ತಿಕೊಂಡು ಹನುಮಂತನ ಗುಡಿಗೆ ಹೋಗಿ ಮಲಗುತ್ತಾನೆ. ಅಲ್ಲಿ ರಾತ್ರಿ ಊರಿನ ದೀಪಗಳೆಲ್ಲ ಸೇರಿ ಹರಟುತ್ತವೆ. ಅವನ ಮನೆಯ ದೀಪ ಲೇಟಾಗಿ ಬಂದು ಗುಟ್ಟು ಹೇಳುತ್ತದೆ.

ದೀಪಗಳ ಹರಟೆಯನ್ನು ಮಕ್ಕಳು ಎಷ್ಟು ಬೇಕಾದರೂ ಬೆಳೆಸುತ್ತಾರೆ. ನಮ್ಮ ರೆಕಾರ್ಡಿಂಗಲ್ಲಿ ಒಂದು ದೀಪ, "ನಮ್ಮ ಮನೇಲಿ ರಾತ್ರಿ ಎರಡು ಗಂಟೆಗೂ ಲ್ಯಾಪ್‌ಟಾಪ್ ಆರಿಸಲ್ಲ, ನನಗೇ ನಿದ್ದೆ ಇಲ್ಲ" ಅಂತು. ಅದು ಒಂಬತ್ತು ವರ್ಷದ ಹುಡುಗಿ ಅಲ್ಲೇ ಹೊಳೆದು ಹೇಳಿದ್ದು. ಟೀಚರ್, ದೊಡ್ಡ ನಾಟಕಕ್ಕೆ ಸೇರದ ಮಕ್ಕಳು ಉಳಿದರೆ ಅವರಿಗೆ ಇದು ಹತ್ತು ನಿಮಿಷದಲ್ಲಿ ಆಗುತ್ತದೆ.

ಆರನೇ ಕ್ಲಾಸ್ ಟೀಚರ್:

ಹೆಡ್‌ಮಾಸ್ಟರ್ ಒಪ್ಪಿದರು! ಅರ್ಧ ಒಪ್ಪಿದರು ಅನ್ನಬೇಕು. ಒಂದು ಸಲ ರಿಹರ್ಸಲ್ ನೋಡಿ ಆಮೇಲೆ ಹೇಳುತ್ತಾರಂತೆ. ದೂರು ಹೇಳಿದ ಆ ತಾಯಿಯನ್ನೂ ರಿಹರ್ಸಲ್‌ಗೆ ಕರೆದಿದ್ದೇನೆ. ಅವರ ಮಗ ಹತ್ತಿ ಗಾಡಿಯವನಾಗಬೇಕು ಅಂತ ಈಗಾಗಲೇ ಟವೆಲ್ ಸುತ್ತಿಕೊಂಡು ಓಡಾಡುತ್ತಿದ್ದಾನೆ.

ಮೇಷ್ಟ್ರೇ, ನಮ್ಮಲ್ಲಿ ಇರೋದು ಎರಡೇ ಮೈಕು. ಒಂದರ ವೈರು ಬೇರೆ ಆಗಾಗ ಕೈ ಕೊಡುತ್ತದೆ. ಹೇಗೆ ಮಾಡಲಿ?

ಸಾಗರದ ಮೇಷ್ಟ್ರು:

ಗಟ್ಟಿ ಇರೋದನ್ನು ಮೇಳಕ್ಕೆ ಕೊಡಿ, ಕೈ ಕೊಡೋದನ್ನು ನೀರಿಗೆ ಮತ್ತು ಕಡ್ಡಿಗೆ. ಅದು ಕೆಟ್ಟರೂ ತೊಗರಿ ಕಡ್ಡಿ ಸದ್ದು ಹಿಂದಿನ ಸಾಲಿಗೆ ಹಾಗೇ ಕೇಳುತ್ತದೆ. ನೀರಿನ ಸದ್ದಿಗೆ ಮಾತ್ರ ಪ್ಲಾಸ್ಟಿಕ್ ಬಕೆಟ್ ಬಿಟ್ಟು ಹಿತ್ತಾಳೆ ಹಂಡೆ ಇಡಿ. ಉಳಿದ ಮಕ್ಕಳಿಗೆ ಮೈಕ್ ಬೇಡ. ಮೊದಲ ದಿನದಿಂದಲೇ ಗ್ರೌಂಡಲ್ಲಿ ರಿಹರ್ಸಲ್ ಮಾಡಿಸಿ. ನೀವು ಆ ತುದಿಯಲ್ಲಿ ನಿಂತು, ಕೇಳಲಿಲ್ಲ ಅಂತ ಕೈ ಎತ್ತುತ್ತಾ ಇರಿ.